ಅವಸರ ಮಾಡಿಕೊಂಡು ವಾಸಿಯಾಗಬೇಡ

ಪ್ರೀತಿಯ ಅಪ್ಪ,

ಒಂದೇ ಸೂರಿನ ಕೆಳಗೆ ಇದ್ದುಕೊಂಡು ಪತ್ರ ಬರೆಯುವುದು ಯಾವ ಸೀಮೆಯ ಹುಚ್ಚು ಎಂದು ನಿಮಗೆ ಅನ್ನಿಸಬಹುದು. ನೀವು ಒಳಕೋಣೆಯಲ್ಲಿ ಮಂಚದ ಮೇಲೆ ಷರ್ಟುಗಳನ್ನು ಮಡಿಸಿ ಬ್ಯಾಗಿಗೆ ತುಂಬುತ್ತಿದ್ದೀರಿ. ನಾನು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ನಡುವೆ ಇರುವುದು ಹತ್ತು ಹನ್ನೆರಡು ಹೆಜ್ಜೆ. ಆದರೆ ಎರಡು ವಾರದಿಂದ ಬಾಯಲ್ಲಿ ಹೇಳಿ ಹೇಳಿ ಸೋತಿದ್ದೇನೆ. ಬಾಯಿಮಾತನ್ನು ನೀವು ಎಂದೂ ಅಷ್ಟಾಗಿ ನಂಬಿದವರಲ್ಲ. ಐವತ್ತು ವರ್ಷ ಪ್ರೂಫ್ ತಿದ್ದಿದ ಮನುಷ್ಯ ನೀವು, ಕಾಗದದ ಮೇಲೆ ಅಕ್ಷರವಾಗಿ ಕೂತರೆ ಮಾತ್ರ ಅದು ನಿಮಗೆ ನಿಜ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಪತ್ರದಲ್ಲಿ ಬರೆದದ್ದಕ್ಕೆ ಬರೆದದ್ದೇ ಅರ್ಥ. ನನಗೆ ಇದು ಸುಲಭದ ಕೆಲಸವಲ್ಲ. ನೆಟ್ಟಗೆ ಮಾತಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಲಿಲ್ಲ. ಕಲಿಸಬೇಕಾಗಿದ್ದ ಮಹಾನುಭಾವರು ನೀವೇ ಆಗಿದ್ದಿರಿ. ನೋಡಿ, ಆಗಲೇ ಜಾರಿದೆ. 'ಮಹಾನುಭಾವರು' ಎಂದರೆ ಇಲ್ಲಿ ತುಂಟರು ಎಂದು ಅರ್ಥ. ಇನ್ನು ಮುಂದೆ ಎಲ್ಲಾದರೂ ಹೀಗೆ ಜಾರಿದರೆ ಅಲ್ಲೇ ನಿಂತು, ಅರ್ಥ ಬರೆದು, ಆಮೇಲೆ ಮುಂದಕ್ಕೆ ಹೋಗುತ್ತೇನೆ.

ಬುಧವಾರ ನಾನು ನಿಮಗೆ ಒಂದು ಮಾತು ಅಂದೆ. ನೀವು ಚಿಕ್ಕಪ್ಪನ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದಿರಿ. "ನಿನ್ನ ಕಣ್ಣೆದುರಿಗೆ ಇರೋಕೆ ನನಗೆ ಯೋಗ್ಯತೆ ಇಲ್ಲ" ಎಂದಿರಿ. ಅದನ್ನು ಎಷ್ಟನೇ ಸಲ ಕೇಳುತ್ತಿದ್ದೆನೋ, ನನಗೆ ತಲೆ ಕೆಟ್ಟುಹೋಯಿತು. "ಹೋಗಿ ಅಪ್ಪ, ಧಾರಾಳವಾಗಿ ಹೋಗಿ! ನೀವು ಹೋದ್ರೆ ನಾನೂ ಅಮ್ಮನೂ ಹಾಯಾಗಿರ್ತೀವಿ" ಎಂದು ಕೂಗಿದೆ. ಮುಂಚಿನ ನೀವಾಗಿದ್ದರೆ "ಹೌದೌದು, ಬಾಡಿಗೆಗೆ ಬೇರೆ ಅಪ್ಪನ್ನ ತಂದ್ಕೊಳ್ಳಿ" ಎಂದು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಿದ್ದಿರಿ. ಈಗ "ಸರಿ ಮಗಳೇ" ಎಂದು ಎದ್ದು ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದಿರಿ. ನಾನು ಆಡಿದ ಮಾತು ನಿಮ್ಮ ಕಿವಿಗೆ ಹೇಗೆ ಬಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಹೊರಡುವ ದಿನವೂ ನಿಗದಿಯಾಗಿತ್ತು. ಭಾನುವಾರ ಬೆಳಗ್ಗೆ ಚಿಕ್ಕಪ್ಪ ಕಾರು ತರುತ್ತಾರೆ. ಇವತ್ತು ಶುಕ್ರವಾರ.

ಆ ಮಾತು ಸುಳ್ಳು ಅಪ್ಪ. ನೀವು ಹೋದರೆ ನಾವು ಹಾಯಾಗಿರುವುದಿಲ್ಲ. ನನ್ನ ಬಾಯಿಗೆ ನಲವತ್ತಾರು ವರ್ಷದ ಅಭ್ಯಾಸ, ನಿಮ್ಮ ಕಿವಿಗೆ ನಾಲ್ಕು ತಿಂಗಳಿಂದ ಆ ಅಭ್ಯಾಸ ತಪ್ಪಿಹೋಗಿದೆ ಎಂಬುದು ಸಿಟ್ಟಿನಲ್ಲಿ ಮರೆತುಹೋಯಿತು. ನನ್ನನ್ನು ಕ್ಷಮಿಸಿ.

ನಿಮಗೆ ಏನಾಗಿದೆ ಎಂದು ಡಾಕ್ಟರು ನಿಮ್ಮ ಎದುರಿಗೇ ಹೇಳಿದ್ದಾರೆ. ಆದರೂ ನಾನು ಕಂಡ ಹಾಗೆ ಒಮ್ಮೆ ಬರೆಯುತ್ತೇನೆ. ಅವತ್ತು ಪ್ರೆಸ್ಸಿನಲ್ಲಿ ನಾವಿಬ್ಬರೂ ಎಂದಿನಂತೆ ಎದುರು ಬದುರು ಕೂತಿದ್ದೆವು. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ನೀವು ಪ್ರೂಫಿನ ಮೇಲೆ ಕಣ್ಣಿಟ್ಟು ಪೆನ್ಸಿಲ್ ಓಡಿಸುವುದು. ಇದ್ದಕ್ಕಿದ್ದ ಹಾಗೆ ನೀವು "ಸಾಲಿನ ಮೊದಲನೇ ಪದ ಎಲ್ಲಿ ಹೋಯ್ತು?" ಎಂದು ಕೇಳಿದಿರಿ. ಪದ ಇತ್ತು. ಪುಟದ ಎಡಭಾಗವೇ ನಿಮಗೆ ಇಲ್ಲವಾಗಿತ್ತು. ಒಂಬತ್ತು ದಿನ ಆಸ್ಪತ್ರೆ. ಮೆದುಳಿನ ಬಲಭಾಗದಲ್ಲಿ ಎಲ್ಲೋ ಒಂದು ಕಡೆ ರಕ್ತ ಹೆಪ್ಪುಗಟ್ಟಿತ್ತಂತೆ. ಪುಟದ ಎಡಭಾಗ ಮೂರು ವಾರಕ್ಕೆ ವಾಪಸ್ಸು ಬಂತು. ಎಡಗೈ ಬಂತು. ಮಾತು ಹೋಗಿರಲೇ ಇಲ್ಲ. ಪ್ರೆಸ್ಸಿನ ಯಜಮಾನರು ಬಂದು "ಗಟ್ಟಿ ಪಿಂಡ" ಎಂದು ಬೆನ್ನು ತಟ್ಟಿ ಹೋದರು.

ಏನೋ ಕಳೆದಿದೆ ಎಂದು ಮೊದಲು ಕಂಡುಹಿಡಿದವಳು ಅಮ್ಮ. ಅವಳು ಹುಟ್ಟಾ ನೇರ ಮಾತಿನವಳು. ನಿಮ್ಮನ್ನು ಕಟ್ಟಿಕೊಂಡ ದಿನದಿಂದ "ಹೇಳೋದನ್ನ ಸರಿಯಾಗಿ ಹೇಳಬಾರದಾ" ಎಂದು ನಿಮ್ಮ ಜೊತೆ ಗುದ್ದಾಡಿದವಳು. ಅಡುಗೆಗೆ ಉಪ್ಪು ಹೆಚ್ಚಾದಾಗಲೆಲ್ಲ ನೀವು "ಪರವಾಗಿಲ್ಲ, ಸಮುದ್ರದಲ್ಲಿ ಇನ್ನೂ ಸ್ವಲ್ಪ ಬಿಟ್ಟು ಬಂದಿದ್ದೀಯ" ಅನ್ನುತ್ತಿದ್ದಿರಿ. ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಒಂದು ತುತ್ತು ತಿಂದು "ಉಪ್ಪು ಜಾಸ್ತಿಯಾಗಿದೆ" ಎಂದಿರಿ. ಅಷ್ಟೇ. ಅಮ್ಮ ಸೌಟು ಅಲ್ಲೇ ಇಟ್ಟು ಹಿತ್ತಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಇವರಿಗೆ ಏನೋ ಆಗಿದೆ ಕಣೇ. ಸರಿಯಾಗಿ ಮಾತಾಡ್ತಿದ್ದಾರೆ" ಎಂದಳು. ನಾನು ನಕ್ಕುಬಿಟ್ಟೆ. ಅವಳು ಅಳುತ್ತಿದ್ದಳು.

ಆಮೇಲೆ ಮೇಷ್ಟ್ರ ಪುಸ್ತಕ. ವಾರಪತ್ರಿಕೆಗೆ ಹರಟೆ ಬರೆಯುವ ಆ ರಿಟೈರ್ಡ್ ಮೇಷ್ಟ್ರು, ನಿಮ್ಮ ಹಳೆಯ ಗೆಳೆಯರು, ತಮ್ಮ ಲೇಖನಗಳನ್ನೆಲ್ಲ ಒಟ್ಟು ಮಾಡಿ ಕೊಟ್ಟಿದ್ದರು. ನಿಮ್ಮ ಕೈಗೆ ಮತ್ತೆ ಕೆಲಸ ಸಿಕ್ಕಿತಲ್ಲ ಎಂದು ನನಗೆ ಸಮಾಧಾನ. ಅದರಲ್ಲಿ ಹತ್ತೊಂಬತ್ತು ವರ್ಷ ಕಟ್ಟಿಸಿಕೊಂಡು ಮೊದಲ ಮಳೆಗೇ ಬಿದ್ದುಹೋದ ಸೇತುವೆಯ ಬಗ್ಗೆ ಒಂದು ಲೇಖನ. "ಇದನ್ನು ಕಟ್ಟಿದ ಮಹನೀಯರಿಗೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಈಜು ಮರೆತಿದ್ದ ಊರಿಗೆ ಮತ್ತೆ ಈಜು ಕಲಿಸಿದ್ದಾರೆ" ಎಂದು ಅವರು ಬರೆದಿದ್ದರು. ನೀವು 'ಕೃತಜ್ಞರು' ಎಂಬುದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ನಿಮ್ಮ ಇರುವೆಸಾಲಿನ ಅಕ್ಷರದಲ್ಲಿ, "ವಿಷಯದೋಷ. ಸೇತುವೆ ಬಿದ್ದಿದೆ. ಹೊಗಳಲು ಕಾರಣವಿಲ್ಲ. ಲೇಖಕರನ್ನು ಕೇಳಿ" ಎಂದು ಬರೆದಿದ್ದಿರಿ. ಇಡೀ ಪುಸ್ತಕದಲ್ಲಿ ಅಂಥವು ನಲವತ್ತೊಂದು. ನಾನು ಎಣಿಸಿದೆ.

ಮೇಷ್ಟ್ರು ಪ್ರೂಫ್ ನೋಡಲು ಬಂದವರು ಮೊದಲ ಟಿಪ್ಪಣಿಗೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಮಾರಾಯ, ನನ್ನ ಮೂಗು ಕೊಯ್ದು ಕೈಗೆ ಕೊಟ್ಟೆಯಲ್ಲೋ! ನನ್ನ ವ್ಯಂಗ್ಯಕ್ಕಿಂತ ನಿನ್ನ ಟಿಪ್ಪಣೀನೇ ಚೆನ್ನಾಗಿದೆ, ಇವನ್ನೂ ಸೇರಿಸಿ ಅಚ್ಚು ಹಾಕ್ಸೋಣ" ಎಂದರು. ನೀವು ನಗಲಿಲ್ಲ. ಅವರ ತಪ್ಪನ್ನು ಅವರು ಒಪ್ಪಿಕೊಂಡರು ಎಂದು ಗಂಭೀರವಾಗಿ ತಲೆದೂಗಿ, ಸುತ್ತು ಹಾಕಿದ ಮುಂದಿನ ಪದಕ್ಕೆ ಬೆರಳಿಟ್ಟಿರಿ. ಮೇಷ್ಟ್ರ ನಗು ನಿಧಾನವಾಗಿ ಇಳಿಯಿತು. ಅವರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

ಡಾಕ್ಟರಮ್ಮ ನಿಮಗೆ ಚಿತ್ರ ತೋರಿಸಿದ್ದು ಅದಾದ ಮೇಲೆ. ಒಬ್ಬ ಗಂಡಸು ಕೈಯಲ್ಲಿದ್ದ ತಟ್ಟೆಗಳನ್ನೆಲ್ಲ ಬೀಳಿಸಿದ್ದಾನೆ, ಚೂರು ಚೂರಾಗಿದೆ. ಬಾಗಿಲಲ್ಲಿ ನಿಂತ ಹೆಂಡತಿ "ಆಹಾ, ಎಷ್ಟು ಜೋಪಾನವಾಗಿ ಜೋಡಿಸಿದ್ದೀರಿ" ಅನ್ನುತ್ತಿದ್ದಾಳೆ. ಅವಳು ಏನು ಹೇಳುತ್ತಿದ್ದಾಳೆ ಎಂದು ಡಾಕ್ಟರಮ್ಮ ಕೇಳಿದರು. ನೀವು ಚಿತ್ರವನ್ನು ಬಹಳ ಹೊತ್ತು ನೋಡಿದಿರಿ. "ಹೊಗಳ್ತಿದ್ದಾಳೆ. ಆದ್ರೆ ಯಾಕೆ ಅಂತ ಗೊತ್ತಾಗ್ತಿಲ್ಲ. ಪಾಪ, ಅವಳಿಗೆ ಕಣ್ಣು ಕಾಣಿಸಲ್ವೇನೋ" ಎಂದಿರಿ. ಅದನ್ನು ಹೇಳುವಾಗ ನಿಮ್ಮ ಮುಖದಲ್ಲಿದ್ದ ಕನಿಕರ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಅವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಮಾತಿನ ಪದಗಳು ಮೆದುಳಿನಲ್ಲಿ ಒಂದು ಕಡೆ ಅರ್ಥವಾಗುತ್ತವಂತೆ, ಅದೇ ಮಾತನ್ನು ಯಾವ ಮನಸ್ಸಿನಿಂದ ಆಡಿದರು ಎಂಬುದು ಇನ್ನೊಂದು ಕಡೆ. ಸ್ಕ್ಯಾನಿನಲ್ಲಿ ಬಟಾಣಿಯಷ್ಟು ಒಂದು ಮಬ್ಬು ತೋರಿಸಿದರು. ನಾನು ಅದನ್ನೇ ನೋಡುತ್ತಾ ಕೂತೆ. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಬೆರಗು. ದಿನಕ್ಕೆ ನೂರು ಸಲ ನಾವು ಮಾಡುವ ಕೆಲಸ ಇದು! "ಬಂದ್ರಾ, ಇಷ್ಟು ಬೇಗ?" ಎಂದರೆ ತಡವಾಯಿತು ಎಂದು, "ಭಾರೀ ಬುದ್ಧಿವಂತ" ಎಂದರೆ ದಡ್ಡ ಎಂದು, ತರಕಾರಿಯವನು "ಸುಮ್ನೆ ತಗೊಂಡು ಹೋಗಿ ಅಮ್ಮ" ಎಂದರೆ ಚೌಕಾಸಿ ಸಾಕು ಎಂದು ನಾವು ತಿಳಿಯುತ್ತೇವೆ. ಯೋಚನೆ ಮಾಡುವುದಿಲ್ಲ, ತಡವರಿಸುವುದಿಲ್ಲ. ಆಡಿದ ಮಾತನ್ನು ಬದಿಗಿಟ್ಟು, ಆಡಿದವರ ಮನಸ್ಸಿನೊಳಗೆ ಹೋಗಿ, ಅಲ್ಲಿದ್ದದ್ದನ್ನು ಎತ್ತಿಕೊಂಡು ಬರುತ್ತೇವೆ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ಹೀಗೆ ಹೋಗಿಬರುತ್ತಿದ್ದೆವು ಎಂಬುದೇ ನನಗೆ ನಿಮ್ಮ ದಾರಿ ಮುಚ್ಚಿಹೋಗುವ ತನಕ ಗೊತ್ತಿರಲಿಲ್ಲ.

ಪುಸ್ತಕದಲ್ಲಿ ಆ ದಾರಿ ಹುಡುಕುವುದನ್ನು ನನಗೆ ಕಲಿಸಿದವರು ನೀವು. ಹದಿನೈದು ವರ್ಷದವಳಿದ್ದಾಗ ರಜೆಯಲ್ಲಿ ಮೊದಲ ಸಲ ನಿಮಗೆ ಹಸ್ತಪ್ರತಿ ಓದಲು ಬಂದಿದ್ದೆ. ಯಾವುದೋ ಹಳೆಯ ಕಥೆಯ ಮರುಮುದ್ರಣ. "ನಮ್ಮ ಸಾಹುಕಾರರು ಬಹಳ ದಯಾಳುಗಳು. ಕೆಲಸದವಳ ಮಗು ಅಳುವುದನ್ನು ಕೇಳಿದರೆ ಅವರಿಗೆ ಎದೆ ಒಡೆದು ಹೋಗುತ್ತಿತ್ತು. ಆದ್ದರಿಂದ ಕಿಟಕಿ ಮುಚ್ಚಿಸಿಬಿಡುತ್ತಿದ್ದರು." ನಾನು ಗಿಣಿಯ ಹಾಗೆ ಒಪ್ಪಿಸುತ್ತಾ ಹೋಗುತ್ತಿದ್ದೆ. ನೀವು ಪೆನ್ಸಿಲ್ ಎತ್ತಿ ನಿಲ್ಲಿಸಿದಿರಿ. "ದಯಾಳು ಅಂತಾನೇ ಇದೆ ಅಪ್ಪ, ತಪ್ಪಿಲ್ಲ" ಎಂದೆ. "ತಪ್ಪಿಲ್ಲ. ಆದ್ರೆ ನೀನು ಓದಿದ್ದು ತಪ್ಪು" ಎಂದಿರಿ. "ವಾಕ್ಯ ಒಂದು ಹೇಳ್ತಿದೆ, ಕಿಟಕಿ ಇನ್ನೊಂದು ಹೇಳ್ತಿದೆ. ಅವೆರಡೂ ಜಗಳ ಆಡ್ತಿವೆ ಅಂದ್ರೆ ಬರೆದವನ ಮುಖ ನೆನೆಸಿಕೋ. ಅವನು ಹಲ್ಲು ಕಚ್ಚಿಕೊಂಡು ಕೂತಿದ್ದಾನೆ." ಹಳಬರು ಇದಕ್ಕೆ ವ್ಯಾಜಸ್ತುತಿ ಎಂದು ಹೆಸರಿಟ್ಟಿದ್ದಾರೆ, ಹೊಗಳಿದ ಹಾಗೆ ಬೈಯುವುದು, ಬೈದ ಹಾಗೆ ಹೊಗಳುವುದು, ಎರಡೂ ಅದರಲ್ಲೇ ಬರುತ್ತದೆ ಎಂದೂ ಹೇಳಿದಿರಿ. ಆ ಲೇಖಕರು ಸತ್ತು ಮೂವತ್ತು ವರ್ಷವಾಗಿತ್ತು. ಫೋಟೋ ಕೂಡ ನಾನು ನೋಡಿರಲಿಲ್ಲ. ಆದರೂ ಮತ್ತೊಮ್ಮೆ ಓದಿದಾಗ ಅವರು ಹಲ್ಲು ಕಚ್ಚಿದ್ದು ನನ್ನ ದವಡೆಗೆ ತಿಳಿಯಿತು.

ಪುಸ್ತಕದವರ ಮನಸ್ಸು ತಿಳಿಯಲು ನನಗೆ ಪಾಠ ಬೇಕಾಯಿತು. ನಿಮ್ಮದನ್ನು ತಿಳಿಯಲು ಎಂದೂ ಬೇಕಾಗಿರಲಿಲ್ಲ. ಈಗ ನೀವು ನನಗೆ ಬರೆದ ಆ ಹಳೆಯ ಪತ್ರಗಳ ವಿಷಯಕ್ಕೆ ಬರುತ್ತೇನೆ.

ನನ್ನ ತೊಡೆಯ ಮೂಳೆಗೆ ಕೀವು ಹಿಡಿದು, ರೈಲಿನಲ್ಲಿ ಒಂದು ಹಗಲು ದೂರದ ಆಸ್ಪತ್ರೆಯಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಾಗ ನನಗೆ ಹನ್ನೊಂದು ವರ್ಷ. ಹನ್ನೊಂದು ತಿಂಗಳು ಅಲ್ಲಿದ್ದೆ. ನೀವು ಹೆಚ್ಚುಕಡಿಮೆ ವಾರಕ್ಕೊಂದು ಪತ್ರ ಬರೆದಿರಿ, ಒಟ್ಟು ನಲವತ್ತಮೂರು. ಮಕ್ಕಳ ವಾರ್ಡಿಗೆ ಬರುವ ಪತ್ರಗಳನ್ನು ಹೆಡ್ ನರ್ಸ್ ಮೊದಲು ಒಡೆದು ಓದುತ್ತಿದ್ದರು, ಮನೆಯ ಕೆಟ್ಟ ಸುದ್ದಿ ಯಾವುದೂ ಮಗುವಿಗೆ ನೇರ ತಲುಪಬಾರದೆಂದು. ನಿಮ್ಮ ಮೊದಲನೇ ಪತ್ರ ಬಂದ ದಿನ ಆ ದಪ್ಪನೆಯ ಹೆಂಗಸು ನನ್ನ ಹಾಸಿಗೆಯ ಅಂಚಿನಲ್ಲಿ ಬಂದು ಕೂತರು. ಮೂಗು ಕೆಂಪಾಗಿತ್ತು. "ನೋಡು ಪುಟ್ಟಿ, ಅಪ್ಪ ಏನೋ ಬೇಜಾರಲ್ಲಿ ಬರೆದಿದ್ದಾರೆ. ಮನಸ್ಸಿಗೆ ಹಚ್ಕೋಬೇಡ. ನಾವೆಲ್ಲ ಇದ್ದೀವಿ ನಿನಗೆ" ಎಂದು ಪತ್ರ ಕೈಗಿಟ್ಟರು.

ಅದು ನನಗೆ ಬಾಯಿಪಾಠ. "ನೀನು ಹೋದ ಮೇಲೆ ಮನೆ ಎಷ್ಟು ನೆಮ್ಮದಿಯಾಗಿದೆ ಎಂದರೆ ನಾನೂ ನಿನ್ನಮ್ಮನೂ ಸಾಯಂಕಾಲವಾದರೆ ಕುಣಿಯುತ್ತೇವೆ. ನಿನ್ನ ಹಾಸಿಗೆಯನ್ನು ಬೆಕ್ಕಿಗೆ ಕೊಟ್ಟಿದ್ದೇವೆ. ಅದು ನಿನ್ನ ಹಾಗೆ ಪ್ರಶ್ನೆ ಕೇಳುವುದಿಲ್ಲ. ಆಸ್ಪತ್ರೆಯವರು ನಿನ್ನನ್ನು ಎಷ್ಟು ದಿನ ಇಟ್ಟುಕೊಂಡರೂ ನಮ್ಮದೇನೂ ಅಭ್ಯಂತರವಿಲ್ಲ. ಅವಸರ ಮಾಡಿಕೊಂಡು ವಾಸಿಯಾಗಬೇಡ. ಇತಿ, ನಿನ್ನನ್ನು ಪೂರ್ತಿ ಮರೆತಿರುವ ಅಪ್ಪ."

ನಾನು ನಕ್ಕೆ ಅಪ್ಪ. ಪ್ಲಾಸ್ಟರಿನೊಳಗೆ ಕಾಲು ಅದುರಿ ಜೀವ ಹೋಗುವಷ್ಟು ನೋವಾಯಿತು, ಆದರೂ ನಗು ನಿಲ್ಲಲಿಲ್ಲ. ನರ್ಸಮ್ಮ ಹೆದರಿ ನನ್ನ ಹಣೆ ಮುಟ್ಟಿ ನೋಡಿದರು. ಕೊನೆಗೆ ನಾನೇ ಅವರಿಗೆ ಒಂದೊಂದೇ ಸಾಲಿಗೆ ಬೆರಳಿಟ್ಟು ಬಿಡಿಸಿ ಹೇಳಿದೆ. ನೆಮ್ಮದಿ ಅಂದ್ರೆ ಮನೆ ಬಿಕೋ ಅಂತಿದೆ ಅಂತ, ಕುಣೀತೀವಿ ಅಂದ್ರೆ ಅಮ್ಮ ಅಳ್ತಾಳೆ ಅಂತ. "ಹಾಗಂತ ಯಾರು ಹೇಳಿದ್ರು ನಿನಗೆ?" ಎಂದು ಕೇಳಿದರು. "ಯಾರೂ ಹೇಳಿಲ್ಲ. ನಮ್ಮಪ್ಪ ಹಾಗೇ" ಎಂದೆ. ಅವರು ಮತ್ತೊಮ್ಮೆ ಪತ್ರ ಓದಿದರು. ಈ ಸಲ ಅತ್ತದ್ದು ಬೇರೆ ಕಾರಣಕ್ಕೆ. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ "ಇವತ್ತು ನಿಮ್ಮಪ್ಪ ಏನಂತ ಬೈದಿದ್ದಾರೆ, ಓದು" ಎಂದು ಇಡೀ ವಾರ್ಡು ನನ್ನ ಹಾಸಿಗೆಯ ಸುತ್ತ ಸೇರುತ್ತಿತ್ತು. ಪಕ್ಕದ ಹಾಸಿಗೆಯ ಹುಡುಗಿಗೆ ಅವಳಪ್ಪ ಚಿನ್ನ, ರನ್ನ, ನನ್ನ ಕಣ್ಣೇ ಎಂದೆಲ್ಲ ಬರೆಯುತ್ತಿದ್ದರು. ಅವಳು ನನ್ನ ಪತ್ರ ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಎರಡನೇ ಆಪರೇಷನ್ನಿಗೆ ಮುಂಚೆ "ಮತ್ತೊಮ್ಮೆ ಕೊಯ್ಯುತ್ತಾರಂತೆ, ಸಂತೋಷ. ನನಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ, ನಾನು ಬರುವುದಿಲ್ಲ" ಎಂದು ಬರೆದಿರಿ. ಆ ಪತ್ರ ನನಗೆ ತಲುಪಿದಾಗ ನೀವು ನನ್ನ ತಲೆದಿಂಬಿನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಿರಿ. ಪತ್ರಕ್ಕಿಂತ ಮೊದಲು ನೀವು ಬಂದು ತಲುಪಿದ್ದಿರಿ. ನಾನು ಅದನ್ನು ನಿಮ್ಮ ಎದುರಿಗೇ ಗಟ್ಟಿಯಾಗಿ ಓದಿದೆ. ನೀವು ಕಿಟಕಿಯ ಕಡೆ ತಿರುಗಿ "ಸದ್ಯ, ಬರಲ್ಲವಂತೆ. ಪೀಡೆ ತೊಲಗ್ತು" ಎಂದಿರಿ.

ಹನ್ನೊಂದು ವರ್ಷದ ಆ ಹುಡುಗಿಯನ್ನು ನೆನೆಸಿಕೊಂಡರೆ ನನಗೇ ಮೈ ಜುಮ್ಮೆನ್ನುತ್ತದೆ. ಅಷ್ಟು ದೂರದ ಊರು, ನೋವು, ಅಳುವ ಮಕ್ಕಳ ನಡುವೆ ಒಂಟಿ ಹಾಸಿಗೆ. ಅಪ್ಪ ಬೇಡ ಎಂದು ಬರೆದದ್ದನ್ನು ಓದಿ, ಒಂದು ಕ್ಷಣವೂ ಅನುಮಾನ ಪಡದೆ, ಬೇಕು ಎಂದು ತಿಳಿದುಕೊಂಡಳಲ್ಲ! ಓದಿ ಬಲ್ಲವರಾದ ನರ್ಸಿಗೆ ಆಗಲಿಲ್ಲ, ಅವಳಿಗಾಯಿತು. ಹನ್ನೊಂದು ವರ್ಷ ನಿಮ್ಮ ಹೆಗಲ ಮೇಲೆ ಬೆಳೆದದ್ದಕ್ಕೇ ಇರಬೇಕು. ನಲವತ್ತಮೂರು ಪತ್ರಗಳಲ್ಲಿ ಒಂದನ್ನೂ ನಾನು ತಪ್ಪಾಗಿ ಓದಲಿಲ್ಲ. ಇದನ್ನು ಅಚ್ಚಿನಲ್ಲಿ ಬಂದದ್ದರಷ್ಟೇ ಗಟ್ಟಿ ಎಂದು ತಿಳಿಯಿರಿ.

ಎರಡು ವಾರದ ಹಿಂದೆ ನೀವು ಡಾಕ್ಟರಲ್ಲಿಗೆ ಹೋಗಲು ನಿಮ್ಮ ಸ್ಕ್ಯಾನ್ ಹುಡುಕುತ್ತಿದ್ದಿರಿ. ಬೀರುವಿನಲ್ಲಿ ನನ್ನ ಹಳೆಯ ಎಕ್ಸ್-ರೇ ಲಕೋಟೆಯೂ ಇತ್ತು. ಪತ್ರಗಳನ್ನು ನಾನು ಅದರಲ್ಲೇ ಇಟ್ಟಿದ್ದೆ. ನಾನು ಕೆಲಸದಿಂದ ಬಂದಾಗ ಅವೆಲ್ಲ ಮಂಚದ ಮೇಲೆ ಹರಡಿದ್ದವು, ನೀವು ನೆಲದ ಮೇಲೆ ಕೂತಿದ್ದಿರಿ. "ಇವು ನಾನು ಬರೆದಿದ್ದಾ?" ಎಂದು ಕೇಳಿದಿರಿ. "ಅಕ್ಷರ ನನ್ನದೇ. ಬರೆದದ್ದೂ ನೆನಪಿದೆ. ಯಾವ ಮನಸ್ಸಿಂದ ಬರೆದೆ ಅಂತ ಮಾತ್ರ ಗೊತ್ತಾಗ್ತಿಲ್ಲ. ನಾನು ಇಷ್ಟು ಕೆಟ್ಟವನಾ?" ತಮಾಷೆಗೆ ಬರೆದದ್ದು ಎಂದು ನಾನು ಹೇಳಿದೆ. "ಹಾಸಿಗೆ ಹಿಡಿದ ಮಗೂಗೆ ತಮಾಷೆಯಾ?" ಎಂದಿರಿ. ಅಮ್ಮನಾದರೂ ಸಹಾಯಕ್ಕೆ ಬರುತ್ತಾಳೇನೋ ಎಂದು ಅವಳ ಕಡೆ ನೋಡಿದೆ. ಅವಳೋ ಸತ್ಯವಂತೆ, "ನಾನು ಆಗಲೇ ಬಡ್ಕೊಂಡೆ, ಮಗೂಗೆ ಹಾಗೆಲ್ಲ ಬರೀಬೇಡಿ ಅಂತ" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿ ಕೈ ತೊಳೆದುಕೊಂಡಳು. ಭಾರೀ ಉಪಕಾರ ಮಾಡಿದಳು. ಜಾರಿತು, ಅರ್ಥ ಬರೆಯುತ್ತೇನೆ: ಇದ್ದ ಕಷ್ಟವನ್ನು ಎರಡರಷ್ಟು ಮಾಡಿದಳು.

ಅಂದಿನಿಂದ 'ನೀನು ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳ್ತಿದ್ದೀಯ' ಎಂಬುದೊಂದೇ ನಿಮ್ಮ ಉತ್ತರ. ಊಟಕ್ಕೆ ನನ್ನ ಜೊತೆ ಕೂರುವುದನ್ನು ಬಿಟ್ಟಿರಿ. ನಾನು ಕೋಣೆಗೆ ಬಂದರೆ ಎದ್ದು ನಿಲ್ಲುತ್ತೀರಿ, ನಾನು ಯಾರೋ ಪರರು ಎನ್ನುವ ಹಾಗೆ. ನಿಮ್ಮ ಮಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಇವತ್ತು ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ಆ ಲಕೋಟೆ ತೆಗೆದೆ. ಒಂದೊಂದೇ ಪತ್ರ ಇಟ್ಟುಕೊಂಡು, ಸಾಲು ಸಾಲಿಗೂ ಅರ್ಥ ಬರೆದು ನಿಮಗೆ ಕೊಡೋಣ, ಕಾಗದದ ಮೇಲೆ ಬಂದರೆ ನಂಬುತ್ತಾರೆ ಎಂದು ನನ್ನ ಯೋಚನೆ. ಮೊದಲನೇ ಪತ್ರ ಬಿಡಿಸಿದೆ. ಅದರ ತುಂಬ ನಿಮ್ಮ ಪೆನ್ಸಿಲ್.

'ನೆಮ್ಮದಿಯಾಗಿದೆ' ಎಂಬುದನ್ನು ಹೊಡೆದು ಅಂಚಿನಲ್ಲಿ 'ಬಿಕೋ ಎನ್ನುತ್ತಿದೆ' ಎಂದು ಬರೆದಿದ್ದೀರಿ. 'ಕುಣಿಯುತ್ತೇವೆ' ಹೊಡೆದು 'ಅಳುತ್ತೇವೆ'. ಬೆಕ್ಕಿನ ಸಾಲಿಗೆ ಅಡ್ಡಗೆರೆ ಎಳೆದು 'ನಿನ್ನ ಹಾಸಿಗೆ ಹಾಗೇ ಇದೆ, ಯಾರನ್ನೂ ಮಲಗಿಸಿಲ್ಲ'. 'ಅವಸರ ಮಾಡಿಕೊಂಡು ವಾಸಿಯಾಗಬೇಡ' ಎಂಬಲ್ಲಿ ಕೊನೆಯ ಪದವನ್ನು ತಿದ್ದಿ 'ವಾಸಿಯಾಗು' ಮಾಡಿದ್ದೀರಿ. 'ಪೂರ್ತಿ ಮರೆತಿರುವ' ಹೋಗಿ 'ಮರೆಯಲಾರದ' ಬಂದಿದೆ. ಎರಡನೇ ಪತ್ರವೂ ಹಾಗೇ. ಮೂರನೆಯದೂ. ಈ ಎರಡು ವಾರ ನಾನು ಕೆಲಸಕ್ಕೆ ಹೋದಾಗಲೆಲ್ಲ ನೀವು ಒಬ್ಬರೇ ಕೂತು ನಲವತ್ತಮೂರನ್ನೂ ತಿದ್ದಿದ್ದೀರಿ. ಕೊನೆಯ ಪತ್ರದ ಕೆಳಗೆ, ನಿಮ್ಮ ಪದ್ಧತಿಯ ಹಾಗೆ, ಲೇಖಕರಿಗೆ ಒಂದು ಸೂಚನೆಯೂ ಇದೆ: "ಇಂಥದ್ದನ್ನು ಮಗುವಿಗೆ ಬರೆಯಬಾರದಿತ್ತು."

ಅಪ್ಪ, ನೀವು ಕೆಟ್ಟ ಅಪ್ಪನ ತಪ್ಪನ್ನು ತಿದ್ದುತ್ತಿದ್ದೇನೆ ಎಂದುಕೊಂಡಿದ್ದೀರಿ. ಆದರೆ ನೀವು ಅಂಚಿನಲ್ಲಿ ಬರೆದಿರುವುದು ನಾನು ಮೂವತ್ತೈದು ವರ್ಷದ ಹಿಂದೆ ಆ ಹಾಸಿಗೆಯಲ್ಲಿ ಓದಿದ ಪತ್ರ. ಅದೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. 'ಬಿಕೋ' ಎಂಬ ಪದ ಕೂಡ ಅದೇ! ನೀವು ಆಗ ಮುಚ್ಚಿಟ್ಟು ಕಳಿಸಿದ್ದನ್ನು ಒಂದು ಮಗು ಬಿಚ್ಚಿ ಓದಿತು, ಈಗ ಮುಚ್ಚಿಡಲು ಬಾರದ ನೀವು ಅದನ್ನೇ ಬಯಲಿನಲ್ಲಿ ಬರೆದಿದ್ದೀರಿ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮಾತಿಗೆ ತಲುಪಿದ್ದೇವೆ. ಆ ಬಟಾಣಿಯಷ್ಟು ಜಾಗದಲ್ಲಿ ಇದ್ದದ್ದು ಬರೀ ಹೇಳುವ ಬಗೆ. ಹೇಳಬೇಕಾದದ್ದು ಅಲ್ಲಿರಲಿಲ್ಲ, ಅದಕ್ಕೇ ಅದು ಹೋಗಿಲ್ಲ. ನೀವು ಒಳ್ಳೆಯ ಅಪ್ಪ ಏನು ಬರೆಯಬೇಕಿತ್ತು ಎಂದು ಊಹಿಸಿ ಬರೆದಿರಬಹುದು. ಆ ಊಹೆ ನಿಮಗೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿಕೊಳ್ಳಿ.

ನನ್ನ ಮಾತು ನಂಬದಿದ್ದರೆ ನಿಮ್ಮ ಕೈಬರಹವನ್ನಾದರೂ ನಂಬಿ. ಕಪ್ಪು ಶಾಯಿಯದೂ ನಿಮ್ಮದು, ಪೆನ್ಸಿಲ್ಲಿನದೂ ನಿಮ್ಮದು.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ನನಗೆ ಇಪ್ಪತ್ತನಾಲ್ಕು ವರ್ಷವಾದಾಗ ನಾನೇ ಪುಟ ಜೋಡಿಸಿದ ಮೊದಲ ಪುಸ್ತಕ ಹೊರಬಂತು. ಅದನ್ನು ನಿಮ್ಮ ಕೈಗಿಟ್ಟು, ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ: "ನಿಮ್ಮಂಥ ಅಪ್ಪ ಸಿಕ್ಕಿದ್ದು ನನ್ನ ಪುಣ್ಯ." ನೀವು ಕನ್ನಡಕದ ಮೇಲಿಂದ ನೋಡಿ "ಬೈಯೋದಿದ್ರೆ ನೇರವಾಗಿ ಬೈಯಮ್ಮ, ಯಾಕಿಷ್ಟು ಸುತ್ತು?" ಎಂದು ಗಹಗಹಿಸಿ ನಕ್ಕಿರಿ. ನಾನೂ ನಕ್ಕೆ, ಬೇರೆ ಏನು ಮಾಡಲಿ? ಕೊಂಕಿನ ಮನೆಯಲ್ಲಿ ನೇರ ಮಾತಿಗೆ ಕೂರಲು ಜಾಗವಿರಲಿಲ್ಲ. ಪ್ರೀತಿಯನ್ನು ಬೈಗುಳವಾಗಿ ಕೊಟ್ಟರೆ ಅರ್ಥವಾಗುತ್ತಿತ್ತು, ಪ್ರೀತಿಯಾಗಿಯೇ ಕೊಟ್ಟರೆ ತಮಾಷೆಯಾಗುತ್ತಿತ್ತು. ಆಮೇಲೆ ನಾನು ಅದನ್ನು ಮತ್ತೆ ಹೇಳುವ ಗೋಜಿಗೆ ಹೋಗಲಿಲ್ಲ.

ಈಗ ಹೇಳಬಹುದು. ಹೇಳಿದರೆ ಈಗ ನೀವು ನಗುವುದಿಲ್ಲ.

ನಿಮ್ಮಂಥ ಅಪ್ಪ ಸಿಕ್ಕಿದ್ದು ನನ್ನ ಪುಣ್ಯ.

ಭಾನುವಾರ ಚಿಕ್ಕಪ್ಪ ಬಂದಾಗ ಬಾಗಿಲು ನೀವೇ ತೆಗೆಯಿರಿ. ಕೂರಿಸಿ, ಕಾಫಿ ಕೊಡಿ, ಊಟ ಮಾಡಿಸಿ ಕಳಿಸಿ. ನೀವು ಹೋಗಬೇಡಿ. ಅಮ್ಮನಿಗೆ ನೀವು ಬೇಕು. ನನಗೆ ನೀವು ಬೇಕು.

ಬಹಳ ವರ್ಷ ಇರಿ, ಗಟ್ಟಿಯಾಗಿರಿ, ಈ ಮನೆಯಲ್ಲೇ ಇರಿ.

ಇತಿ,
ನಿಮ್ಮನ್ನು ತುಂಬಾ ಪ್ರೀತಿಸುವ
ಮಗಳು